ಎಂಬತ್ತೆರಡಕ್ಕೆ ಎ

ಒಂಟಾರಿಯೋದ ಥಂಡರ್ ಬೇ ಊರಿನ ಒಂದು ಹೈಸ್ಕೂಲಿನಲ್ಲಿ ಮಕ್ಕಳ ಕಾಲೇಜು ಅರ್ಜಿಗಳನ್ನು ನೋಡಿಕೊಳ್ಳುವವಳು ಡೋರೀನ್ ಲಾಹ್ಟಿ. ಇಪ್ಪತ್ತೆಂಟು ವರ್ಷದಲ್ಲಿ ತನ್ನ ಕೈಯಿಂದ ಹೋದ ಒಂದು ಅರ್ಜಿಯೂ ಕೆಟ್ಟಿಲ್ಲವೆಂಬ ಜಂಬ ಅವಳಿಗಿತ್ತು. ಜಂಬ ಇರುವ ಕಡೆಯೇ ಕಾಲು ಜಾರುವುದು, ಏನು ಮಾಡುವುದು!

ಜನವರಿಯಲ್ಲಿ ಐಲಿ ಹಾರ್ಯು ಬಂದು ಎದುರಿಗೆ ಕೂತಳು. ಐಸ್ ಹಾಕಿಯಲ್ಲಿ ಗೋಲ್‌ಕೀಪರ್. ಅವಳ ಆಟ ನೋಡಿ ದೇಶದ ಗಡಿಯಾಚೆಯ ಮಿನೆಸೋಟದ ಕಾಲೇಜೊಂದು ಅರ್ಜಿ ಹಾಕು ಎಂದಿತ್ತು.

"ಮಿಸ್, ನಂದೆಲ್ಲಾ ಎಂಬತ್ತೆರಡು, ಎಂಬತ್ನಾಲ್ಕು. ನಮ್ಮಲ್ಲಿ ಅದು ಎ. ಅವರಿಗೆ ತೊಂಬತ್ತು ದಾಟಿದ್ರೇನೇ ಎ ಅಂತೆ. ನನ್ನ ದಡ್ಡಿ ಅಂದ್ಕೊಳ್ಳಲ್ವಾ?"

"ಅಂದ್ಕೊಳ್ಳೋಕೆ ನಾನು ಬಿಡ್ಬೇಕಲ್ಲ! ನಮ್ಮ ಮೇಷ್ಟ್ರುಗಳ ಕೈ ಎಷ್ಟು ಬಿಗಿ ಅಂತ ಅವರಿಗೇನು ಗೊತ್ತು? ಸ್ವಲ್ಪ ಸರ್ಕೋ, ನಾನೇ ತುಂಬ್ತೀನಿ."

ಡೋರೀನ್ ಕೀಬೋರ್ಡ್ ಎಳೆದುಕೊಂಡು ಅರ್ಜಿಯಲ್ಲಿ ಎಲ್ಲ ವಿಷಯಕ್ಕೂ ಎ, ಎ, ಎ ಎಂದು ತುಂಬಿದಳು. 'ನಿಮ್ಮ ಶಾಲೆ ಕೊಟ್ಟ ಅಂಕವನ್ನೇ ಬರೆಯಿರಿ, ಬದಲಾಯಿಸಬೇಡಿ' ಎಂದು ಮೇಲೆಯೇ ಇತ್ತು. ಓದಬೇಕಲ್ಲ ಪುಣ್ಯಾತ್ಗಿತ್ತಿ! ಕೊನೆಯಲ್ಲಿ 'ಇದನ್ನು ನಾನೇ ತುಂಬಿದ್ದೇನೆ' ಎಂಬಲ್ಲಿ ಐಲಿ ತನ್ನ ಹೆಸರು ಹಾಕಿದಳು.

ಮಾರ್ಚಿನಲ್ಲಿ ಮಿನೆಸೋಟದ ಸೀಟು ಸಿಕ್ಕಿತು. ತಮ್ಮದೇ ಪ್ರಾಂತ್ಯದ ಎರಡು ವಿಶ್ವವಿದ್ಯಾಲಯಗಳೂ ಕರೆದಿದ್ದವು. ಮೇ ತಿಂಗಳ ಕೊನೆಗೆ ಐಲಿ ಎರಡಕ್ಕೂ ಬೇಡವೆಂದು ಬರೆದಳು.

ಜೂನ್ ಮೂರನೇ ವಾರ ವರ್ಷಾಂತ್ಯದ ಅಂಕಪಟ್ಟಿ ಮಿನೆಸೋಟಕ್ಕೆ ಹೋಯಿತು. ಮರುವಾರ ಸೋಮವಾರ ಡೋರೀನ್‌ಗೆ ಆ ಕಾಲೇಜಿನ ಪತ್ರ ಬಂತು: ಅರ್ಜಿಯಲ್ಲಿ ಎ ಇದೆ, ಅಂಕಪಟ್ಟಿಯಲ್ಲಿ ಎಂಬತ್ತೆರಡಿದೆ, ನಮ್ಮಲ್ಲಿ ಅದು ಬಿ. ತುಂಬಿದವರು ಯಾರು? ಗುರುವಾರದೊಳಗೆ ತಿಳಿಸಿ. ವಿದ್ಯಾರ್ಥಿಯೇ ಬದಲಾಯಿಸಿದ್ದರೆ ಸೀಟು ರದ್ದು.

ಪತ್ರ ಹಿಡಿದುಕೊಂಡು ಅವಳು ಪ್ರಿನ್ಸಿಪಾಲ್ ಗ್ಲೆನ್ ಬಳಿಗೆ ಓಡಿದಳು. ಅವನು ಓದಿ, ಎದ್ದು ಬಾಗಿಲು ಹಾಕಿದ.

"ನೋಡು ಡೋರೀನ್, ಹೆಸರು ಹಾಕಿರೋದು ಆ ಹುಡುಗಿ. ನೀನಾಗೇ ಹೋಗಿ ನಾನು ಅಂದ್ರೆ ಶಾಲಾ ಮಂಡಳಿಯವರು ಸುಮ್ನಿರ್ತಾರಾ? ಪೆನ್ಷನ್ನಿಗೆ ಇನ್ನೆರಡು ವರ್ಷ. ಯೋಚ್ನೆ ಮಾಡು."

"ಸೀಟು ಹೋಗುತ್ತೆ ಗ್ಲೆನ್ ಅವಳದ್ದು!"

"ನಾನೇನೂ ಹೇಳ್ಲಿಲ್ಲಪ್ಪ. ಯೋಚ್ನೆ ಮಾಡು ಅಂದೆ ಅಷ್ಟೆ."

ಡೋರೀನ್ ಯೋಚನೆ ಮಾಡಿದಳು. ಮಂಗಳವಾರ ನಿಜವನ್ನೆಲ್ಲ ಬರೆದಳು, ಕಳಿಸಲಿಲ್ಲ. ಬುಧವಾರ ಎರಡು ಸಾಲು ತಿದ್ದಿದಳು, ಕಳಿಸಲಿಲ್ಲ. ಅವತ್ತು ಕಾರಿಡಾರಿನಲ್ಲಿ ಐಲಿ ಎದುರಾದಾಗ ಯಾಕೋ ಅವಳೂ ನಗಲಿಲ್ಲ. ಡೋರೀನ್ ತಲೆ ತಗ್ಗಿಸಿ ಬಿರಬಿರನೆ ನಡೆದುಬಿಟ್ಟಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಕಳಿಸಲಿಲ್ಲ.

ಗುರುವಾರ ಬೆಳಿಗ್ಗೆ ಇನ್ನು ತಡೆಯಲಾರೆನೆಂದು ತಾನು ಬರೆದಿಟ್ಟ ಪತ್ರ ತೆರೆದು ಕೂತಾಗ ಐಲಿಯೇ ಒಳಗೆ ಬಂದಳು. ಕಣ್ಣು ಊದಿತ್ತು.

"ಮಿಸ್, ಅವರು ನಂಗೂ ಫೋನ್ ಮಾಡಿದ್ರು, ಮಂಗಳವಾರ. ಯಾರು ತುಂಬಿದ್ದು ಅಂದ್ರು. ನಾನೇ ಅಂದೆ."

"ಯಾಕೆ? ಯಾಕೆ ಹಾಗಂದೆ ಕಂದಾ?"

"ನೀವು ನಂಗೆ ಒಳ್ಳೇದು ಮಾಡೋಕೆ ಹೋಗಿ ಸಿಕ್ಕಾಕೊಳ್ಳೋದು ಬೇಡ ಅಂತ. ಗೊತ್ತಿಲ್ದೆ ಮಾಡಿದ್ದಾಳೆ, ಚಿಕ್ಕವಳು ಅಂತ ನನ್ನ ಬಿಟ್ಬಿಡ್ತಾರೆ ಅಂದ್ಕೊಂಡೆ. ಬರೆದು ಕಳ್ಸು ಅಂದ್ರು, ಕಳ್ಸಿದೆ. ಇವತ್ತು ಸೀಟಿಲ್ಲ ಅಂತ ಬಂತು." ಮೂಗೊರೆಸಿಕೊಂಡಳು. "ನಿಮ್ಮನ್ನೇನೂ ಕೇಳಿಲ್ಲ ಅಲ್ವಾ ಮಿಸ್?"

ಡೋರೀನ್ ಅಲ್ಲೇ ಫೋನ್ ಎತ್ತಿ ಕಾಲೇಜಿಗೆ ಹಚ್ಚಿದಳು. ತುಂಬಿದ್ದು ನಾನು, ಹುಡುಗಿಯದು ಏನೂ ತಪ್ಪಿಲ್ಲ, ದೇವರಾಣೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಆ ಕಡೆಯವನು ಕೊನೆಯವರೆಗೂ ಕೇಳಿಸಿಕೊಂಡ. ಅವನ ದನಿ ತುಂಬ ಮೃದುವಾಗಿತ್ತು.

"ಮೇಡಂ, ಸೋಮವಾರಾನೇ ನಿಮ್ಮನ್ನ ಕೇಳಿದ್ವಿ, ಮೂರು ದಿನ ನೀವು ಬಾಯಿ ಬಿಡ್ಲಿಲ್ಲ. ತಾನೇ ಮಾಡಿದ್ದು ಅಂತ ಅವಳು ಬರೆದುಕೊಟ್ಟಿದ್ದಾಳೆ. ಈಗ ಸೀಟು ಹೋದ್ಮೇಲೆ ನೀವು ನಾನೇ ಅಂತೀರಿ. ನಾವು ಯಾವುದನ್ನ ನಂಬೋಣ, ನೀವೇ ಹೇಳಿ."