ಉಗುಳದೆ ಕುಡಿದ ಇದ್ದಿಲು

ಟೀ ರುಚಿ ನೋಡುವುದೇ ಯಜಮಾನರ ಕಸುಬು. ಸಾಲಾಗಿಟ್ಟ ಬಟ್ಟಲುಗಳ ಮುಂದೆ ನಿಂತು, ಒಂದೊಂದರಿಂದಲೂ ಸೊರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಪಿಚಕ್ಕನೆ ಉಗುಳಿ ಮುಂದಿನದಕ್ಕೆ ಹೋಗುವುದು. ನಲವತ್ತು ವರ್ಷ ಇದೇ. ಇಂಥವರಿಗೆ ಮಾತ್ರೆಗಳನ್ನೂ ಬಟ್ಟಲಲ್ಲಿ ಸಾಲಾಗಿ ಇಡುವ ಬುದ್ಧಿ ಹೆಂಡತಿಗೆ ಯಾಕೆ ಬಂತೋ! ವಾರದ ಮಟ್ಟಿಗೆ ಮಗಳ ಮನೆಗೆ ಹೊರಟವಳು ಬಿಪಿ ಮಾತ್ರೆಗಳನ್ನು ದಿನಕ್ಕೊಂದು ಬಟ್ಟಲಿನಂತೆ ಜೋಡಿಸಿಟ್ಟಿದ್ದಳು. ಕನ್ನಡಕ ಮರೆತೆನೆಂದು ಬಸ್‌ಸ್ಟಾಪಿನಿಂದ ವಾಪಸು ಬಂದು ನೋಡಿದರೆ ಏಳೂ ಖಾಲಿ. ಯಜಮಾನರು ಪೇಪರ್ ಓದುತ್ತಾ ಈ ತುದಿಯಿಂದ ಆ ತುದಿಯವರೆಗೆ ಮುಗಿಸಿದ್ದರು. ಪುಣ್ಯಾತ್ಮ, ಅವನ್ನು ಮಾತ್ರ ಉಗುಳಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸಮ್ಮ ದೊಡ್ಡ ಲೋಟದ ತುಂಬ ಕಪ್ಪು ನೀರು ತಂದಳು. ಔಷಧಿಗೆಂದೇ ಮಾಡಿದ ಇದ್ದಿಲಿನ ಪುಡಿಯಂತೆ. ಹೊಟ್ಟೆಯಲ್ಲಿರುವ ಮಾತ್ರೆಯನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲವಂತೆ. ಆದರೆ ಬೇಗ ಕುಡಿಯಬೇಕು, ತಡವಾದರೆ ಹೃದಯಕ್ಕೇ ಕುತ್ತು ಎಂದರು ಡಾಕ್ಟರು. ಹೆಂಡತಿಯ ಜೀವ ಬಾಯಿಗೆ ಬಂತು.

ಯಜಮಾನರು ಒಂದು ಗುಟುಕು ಎಳೆದರು, ಆಡಿಸಿದರು, ಪಿಚಕ್. ನರ್ಸಮ್ಮನ ಬಿಳಿ ಕೋಟು ಕಪ್ಪಾಯಿತು. ಬೇಕೆಂದು ಮಾಡಿದ್ದಲ್ಲ, ಬಾಯಿ ನನ್ನ ಮಾತು ಕೇಳುತ್ತಿಲ್ಲ ಎಂದು ಕೈಮುಗಿದರು. ಎರಡನೆಯ ಗುಟುಕೂ ಅಷ್ಟೇ. ಗಡಿಯಾರ ನೋಡಿ ನರ್ಸಮ್ಮ ಬೆವತಳು. ಹೆಂಡತಿ ಲೋಟ ಕಿತ್ತುಕೊಂಡು ತಾನೇ ಗಂಡನ ಮುಂದೆ ಹಿಡಿದಳು.

"ರೀ, ಇದು ನಾನು ಮಾಡಿದ ಟೀ ಅಂದ್ಕೊಂಡು ಕುಡೀರಿ."

ಅವರು ಅವಳ ಮುಖ ನೋಡಿದರು. ಲೋಟಕ್ಕೆ ಬಾಯಿಟ್ಟವರು ತಳ ಕಾಣುವವರೆಗೆ ಎತ್ತಲಿಲ್ಲ.

ಇದೇನು ಮಾಯೆ ಎಂದು ನರ್ಸಮ್ಮ ಬೆರಗಾದಳು. ಯಜಮಾನರು ಕಪ್ಪು ಹಲ್ಲು ಬಿಟ್ಟು ನಿಜ ಹೇಳಿಯೇ ಬಿಟ್ಟರು. ಇವಳ ಟೀ ಮದುವೆಯಾದಾಗಿನಿಂದಲೂ ಬಾಯಿಗಿಡುವ ಹಾಗಿಲ್ಲ, ಉಗುಳಿದರೆ ನೊಂದುಕೊಳ್ಳುತ್ತಾಳೆಂದು ಉಸಿರು ಬಿಗಿಹಿಡಿದು ನುಂಗುವುದು ಅಭ್ಯಾಸವಾಗಿದೆ.

ಹೆಂಡತಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಬಾಯಿಬಿಡದ ಗಂಡನನ್ನು ಮನಸಾರೆ ಬೈಯಬೇಕೆಂದುಕೊಂಡಳು, ಅಷ್ಟರಲ್ಲಿ ಡಾಕ್ಟರು ಬಂದು ನಾಡಿ ಹಿಡಿದರು. ಸಂಜೆಯ ಹೊತ್ತಿಗೆ ಡಾಕ್ಟರು, ಗಂಡಾಂತರ ಕಳೆಯಿತು, ನಾಳೆ ಮನೆಗೆ ಹೋಗಬಹುದು ಎಂದಾಗ ಅವಳ ಕಣ್ಣಲ್ಲಿ ನೀರು ದಳದಳ ಇಳಿಯಿತು.

"ನಾಳೆಯಿಂದ ಟೀ ನೀವೇ ಮಾಡ್ಕೊಳ್ಳಿ," ಎಂದಳು ಮುಖ ತಿರುಗಿಸಿ.

"ಬೇಡ ಕಣೇ," ಎಂದರು ಯಜಮಾನರು, ಅವಳ ಕೈ ಹಿಡಿದು. "ನಾನು ಮಾಡಿದ್ರೆ ಉಗುಳಿಬಿಡ್ತೀನಿ. ನೀನೇ ಮಾಡು."