ಹೊರಡಲು ಒಳ್ಳೆಯ ದಿನ

ಸೆನಾಯ್ ವಿಮಾನ ನಿಲ್ದಾಣದಲ್ಲಿ ಕೊಕ್ ಲಿಯಾಂಗ್ ಯಂತ್ರಕ್ಕೆ ಪಾಸ್‌ಪೋರ್ಟ್ ಒತ್ತಿದ, ಗೇಟು ತೆರೆಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಮಲೇಷಿಯಾದೊಳಗೆ ಬಂದುಬಿಟ್ಟ. ಮಗಳು ಹುಯಿ ಶಿನ್ ಇನ್ನೂ ವಿದೇಶಿಯರ ಸಾಲಿನಲ್ಲೇ ನಿಂತಿದ್ದಳು. ಅವಳ ಕೈಯಲ್ಲಿದ್ದದ್ದು ವಿಯೆಟ್ನಾಂನ ಪಾಸ್‌ಪೋರ್ಟ್, ಅಪ್ಪನ ಜೊತೆ ಅಲ್ಲಿಗೇ ಹೋಗಿ ಮಾಡಿಸಿಕೊಂಡು ಬಂದದ್ದು, ಅಂಟಿನ ವಾಸನೆ ಕೂಡ ಹೋಗದಷ್ಟು ಹೊಸದು. ಹುಟ್ಟಿದ್ದು, ಬೆಳೆದದ್ದು, ಶಾಲೆಯ ಅಂಗಳದಲ್ಲಿ ರಾಷ್ಟ್ರಗೀತೆ ಹಾಡಿದ್ದು ಎಲ್ಲ ಇಲ್ಲೇ, ಜೋಹೋರ್ ಬಾರುವಿನಲ್ಲಿ. ತಾಯಿಯ ಭಾಷೆಯಲ್ಲಿ ಅವಳಿಗೆ ಗೊತ್ತಿದ್ದದ್ದು ತಿಂಡಿಗಳ ಹೆಸರು ಮಾತ್ರ.

ತಪ್ಪು ಯಾರದು ಎಂದು ಯೋಚಿಸಿ ಯೋಚಿಸಿ ಲಿಯಾಂಗನಿಗೆ ಸಾಕಾಗಿಹೋಗಿತ್ತು. ಅವನೂ ವಿಯೆಟ್ನಾಂನ ಥುಯ್‌ಳೂ ಹಿರಿಯರೆದುರು ಮಂಡಿಯೂರಿ ಚಹಾ ಕೊಟ್ಟು ಮದುವೆಯಾದವರು. ಹಿರಿಯರು ಕುಡಿದು ಹರಸಿದರೆ ಮದುವೆ ಆದಂತೆಯೇ, ಊರೆಲ್ಲ ಒಪ್ಪಿತು. ಸರಕಾರಿ ನೋಂದಣಿಯೊಂದು ಬಾಕಿ ಉಳಿದಿತ್ತು. ಇನ್ನೇನು ಹೋಗಬೇಕು ಅನ್ನುವಷ್ಟರಲ್ಲಿ ಚೀನೀ ಪಂಚಾಂಗದ ಏಳನೇ ತಿಂಗಳು ಬಂತು. ಪಾತಾಳದ ಬಾಗಿಲು ತೆರೆದು ಸತ್ತವರೆಲ್ಲ ಮನೆ ನೋಡಲು ಬರುವ ತಿಂಗಳದು, ಆಗ ಮದುವೆಯ ಕಾಗದಕ್ಕೆ ಸಹಿ ಹಾಕುವ ಧೈರ್ಯ ಯಾರಿಗಿದೆ? “ತಿಂಗಳು ಕಳೀಲಿ,” ಎಂದು ಅವನ ತಾಯಿ ಪಂಚಾಂಗ ಮುಚ್ಚಿಟ್ಟಳು. ಥುಯ್‌ಳ ಹೊಟ್ಟೆಯಲ್ಲಿದ್ದ ಮಗು ಕಾಯಲಿಲ್ಲ, ದಿನ ತುಂಬುವ ಮೊದಲೇ, ಅದೇ ತಿಂಗಳಲ್ಲಿ ಹುಟ್ಟಿಬಿಟ್ಟಿತು.

ಕಾಗದದ ಪ್ರಕಾರ ಅಪ್ಪ ಅಮ್ಮನಿಗೆ ಮದುವೆಯೇ ಆಗಿರಲಿಲ್ಲ, ಹಾಗಾಗಿ ಮಗುವಿಗೆ ಅಪ್ಪನ ದೇಶ ದಕ್ಕುವುದಿಲ್ಲ ಎಂದರು ಕಚೇರಿಯವರು. ಆಮೇಲೆ ನೋಂದಣಿ ಮಾಡಿಸಿದ್ದು ಲೆಕ್ಕಕ್ಕೇ ಬರಲಿಲ್ಲ. ಅರ್ಜಿ ಹಾಕಿದರು, ಕಾದರು, ಆಗದು ಎಂಬ ಉತ್ತರ ಬಂತು, ಮತ್ತೆ ಹಾಕಿದರು. ಚಪ್ಪಲಿ ಸವೆದವು.

“ಕಾಲೇಜಿಗಾದ್ರೂ ಯಾವುದೋ ಒಂದು ದೇಶ ಬೇಕಲ್ಲ ಪಾ, ಅಮ್ಮಂದೇ ತಗೋತೀನಿ,” ಎಂದು ಕೊನೆಗೆ ಮಗಳೇ ಹೇಳಿದಳು. ತಗೊಂಡರೆ ಇಲ್ಲಿ ಪೌರತ್ವದ ಆಸೆ ಬಿಡಬೇಕು, ಓದಿನ ವೀಸಾ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ತಿಂಗಳಿಗೇ ಹೊರಡಬೇಕು ಎಂದು ವಕೀಲರು ಎಚ್ಚರಿಸಿದ್ದರು.

ಲಿಯಾಂಗ್ ದಿನವೂ ಸೇತುವೆ ದಾಟಿ ಸಿಂಗಾಪುರಕ್ಕೆ ದುಡಿಯಲು ಹೋಗುವವನು. ಅಲ್ಲಿಯ ಯಜಮಾನ, ಮೂಲದಲ್ಲಿ ಎಲ್ಲಿಯವನೋ ಏನೋ, ಎಂದೂ ಕಾಲಿಡದ ಒಂದು ದ್ವೀಪದ ಪೌರತ್ವವನ್ನು ಹೋದ ವರ್ಷ ಕೊಂಡುಕೊಂಡು ಎಲ್ಲರಿಗೂ ಕೇಕ್ ಹಂಚಿದ್ದ. ಲಿಯಾಂಗನೂ ತಿಂದಿದ್ದ. ಕೇಕ್ ಚೆನ್ನಾಗಿತ್ತು.

ವಿದೇಶಿಯರ ಸಾಲಿನ ಕೌಂಟರಿನಲ್ಲಿದ್ದವಳು ತಲೆವಸ್ತ್ರ ತೊಟ್ಟ ಮಲಯ ಹುಡುಗಿ. ಎಷ್ಟು ದಿನ ಇರುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹುಯಿ ಶಿನ್ ಮಲಯದಲ್ಲಿ ಉತ್ತರಿಸಿದ್ದು ಈಚೆ ಕಾಯುತ್ತಿದ್ದ ಲಿಯಾಂಗನಿಗೂ ಕೇಳಿಸಿತು.

“ಅರೆ, ನಮ್ಮ ಭಾಷೆ ಎಷ್ಟು ಚೆನ್ನಾಗಿ ಮಾತಾಡ್ತೀಯ ತಂಗಿ. ಎಲ್ಲಿ ಕಲಿತೆ?”

“ಇಲ್ಲೇ ಅಕ್ಕಾ. ಶಾಲೇಲಿ.”

ಅಧಿಕಾರಿಯ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮುದ್ರೆ ಬಿತ್ತು. “ಮೂವತ್ತು ದಿನ. ಅದಕ್ಕಿಂತ ಜಾಸ್ತಿ ಇರಬೇಡಮ್ಮ, ತೊಂದರೆ ಆಗುತ್ತೆ,” ಎಂದಳು ತಲೆ ಎತ್ತದೆ.

ಮನೆಯ ಬೀದಿಯಲ್ಲಿ ಈ ವರ್ಷದ ಏಳನೇ ತಿಂಗಳು ಶುರುವಾಗಿತ್ತು. ಮೋರಿಯ ಪಕ್ಕ ಕೆಂಪು ಮೇಣದಬತ್ತಿ, ಕಿತ್ತಳೆ, ಸತ್ತವರಿಗೆಂದು ಸುಟ್ಟ ಕಾಗದದ ಬೂದಿ. ಹಾಡಿನ ವೇದಿಕೆಯೆದುರು ಮೊದಲ ಸಾಲಿನ ಕುರ್ಚಿಗಳನ್ನು ದೆವ್ವಗಳಿಗಾಗಿ ಖಾಲಿ ಬಿಟ್ಟಿದ್ದರು.

“ಬಂದ್ಯಾ ಮಹಾರಾಣಿ, ನಮ್ಮೂರ ಮಾತು ಕಲಿತ್ಯೋ ಇಲ್ವೋ?” ಎಂದು ಥುಯ್ ಸೂಪು ಬಡಿಸಿದಳು.

“ಚೌಕಾಸಿ ಮಾಡೋಷ್ಟು ಬಂತಮ್ಮ,” ಎಂದ ಹುಯಿ ಶಿನ್ ಅಜ್ಜಿಯ ಕಡೆ ತಿರುಗಿದಳು. “ಆಮಾ, ದೆವ್ವಗಳಿಗೂ ಒಂದೇ ತಿಂಗಳು, ನನಗೂ ಒಂದೇ ತಿಂಗಳು. ಅವಕ್ಕೆ ಮುದ್ರೆ ಬೇಕಾಗಿಲ್ಲ, ಅಷ್ಟೆ.”

ಆಮಾ ತನ್ನ ಹಳೇ ಅಂಗಿಗೆ ಕೈ ಒರೆಸಿಕೊಂಡು ಒಳಗೆ ಹೋಗಿ ಪಂಚಾಂಗ ತಂದಳು. “ಹೊರಡಲೇಬೇಕಾದ್ರೆ ಒಳ್ಳೆ ದಿನ ನೋಡ್ತೀನಿ ಇರು.”

ಲಿಯಾಂಗನಿಗೆ ಒಮ್ಮೆಲೇ ಮೈಯೆಲ್ಲ ಉರಿಯಿತು. ಇದೇ ಪಂಚಾಂಗ, ಇದೇ ತಿಂಗಳು. ಕಿತ್ತು ಹೊರಗಿನ ಬೆಂಕಿಗೆ ಎಸೆಯಬೇಕೆನಿಸಿತು. ಆದರೆ ಅದಕ್ಕೂ ಆಗದಷ್ಟು ಅವನು ಸುಸ್ತಾಗಿದ್ದ.

ಮುದುಕಿ ಹಾಳೆ ತಿರುವಿದಳು. “ಇವತ್ತಿಲ್ಲ. ಈ ವಾರ ಇಲ್ಲ.” ಅವಳ ತೊಡೆಯ ಮೇಲೆ ಕೂತೇ ಪಂಚಾಂಗ ಓದಲು ಕಲಿತವನು ಲಿಯಾಂಗ್. ಪ್ರಯಾಣಕ್ಕೆ ಶುಭ ಎಂಬ ಕೆಂಪು ಅಕ್ಷರ ತಾಯಿಯ ಹೆಬ್ಬೆರಳಿನಡಿ ಇಣುಕಿದ್ದನ್ನು ಅವನು ನೋಡಿದ. ಮುಂದಿನ ಹಾಳೆಯಲ್ಲೂ ಹೆಬ್ಬೆರಳು ಕೆಂಪು ಹುಡುಕಿಕೊಂಡೇ ಹೋಗಿ ಕೂತಿತು.

“ಒಂದೂ ಇಲ್ಲ,” ಎಂದು ಆಮಾ ಪುಸ್ತಕ ಮುಚ್ಚಿದಳು. ಪಂಚಾಂಗದ ವಿಷಯದಲ್ಲಿ ಹುಟ್ಟಿದಾಗಿನಿಂದ ಸುಳ್ಳು ಹೇಳದವಳು. “ಯಾವತ್ತೂ ಹೊರಡೋ ಹಾಗಿಲ್ಲ.”

ಲಿಯಾಂಗ್ ಮುಚ್ಚಿದ ಪುಸ್ತಕದ ಮೇಲೆ ಕೈಯಿಟ್ಟ. “ಹೌದಮ್ಮ. ನಾನೂ ನೋಡಿದೆ, ಒಂದೂ ಇಲ್ಲ.”

ಮುದ್ರೆ ಒತ್ತುವವರು ಪಂಚಾಂಗ ನೋಡುವುದಿಲ್ಲ ಎಂಬುದು ಆ ಮನೆಯಲ್ಲಿ ಹುಯಿ ಶಿನ್‌ಳಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಅವಳು ಇಬ್ಬರ ಮುಖವನ್ನೂ ನೋಡಿದಳು.

“ಹಾಗಾದ್ರೆ ನಾನು ಎಲ್ಲೂ ಹೋಗಲ್ಲ ಬಿಡು ಆಮಾ,” ಎಂದು ಸೂಪಿನ ಬಟ್ಟಲು ಹತ್ತಿರ ಎಳೆದುಕೊಂಡಳು.