ಹೆಸರಿಲ್ಲದ ಬಾವಿಗಳು

ಕರಾವಳಿಯ ಯಾವ ಮನೆಗೆ ಹೋದರೂ ಮೊದಲು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು. ಕುಡಿದವರು ನೀರನ್ನು ಹೊಗಳಬೇಕು. ಹೊಗಳದಿದ್ದರೆ ಮನೆಯಾಕೆಯ ಮುಖ ಸಣ್ಣದಾಗುತ್ತದೆ. ಹುಡುಗಿ ನೋಡಲು ಬಂದವರು ಹುಡುಗಿಗಿಂತ ಮೊದಲು ರುಚಿ ನೋಡುವುದು ಬಾವಿಯ ನೀರನ್ನೇ. ಇಂಥ ಊರಿನಲ್ಲಿ ಹುಟ್ಟಿ ಬೆಳೆದ ಎಸ್ತರ್‌ಗೆ ಬೇಕಾದ ಹೊತ್ತಿನಲ್ಲಿ ಇದೊಂದು ನೆನಪಾಗಲಿಲ್ಲ ನೋಡಿ.

ಕಲ್ಯಾಣಪುರದ ಎಸ್ತರ್ ಉಡುಪಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಅರುವತ್ತನಾಲ್ಕನೇ ಇಸವಿ. ವರ್ಷವರ್ಷವೂ ಅದೇ ಪ್ರಯೋಗ, ಹಿಂದಿನವರ ರೆಕಾರ್ಡು ನೋಡಿ ಅದೇ ಉತ್ತರ. ಅವಳಿಗೆ ಸಾಕೋ ಸಾಕಾಗಿತ್ತು. ಮಕ್ಕಳು ಒಟ್ಟಿಗೆ ಕೂತು, ತಾವೇ ಪ್ರಶ್ನೆ ಹುಡುಕಿ, ತಾವೇ ಯೋಜನೆ ಹಾಕಿ ಒಂದು ಸಂಶೋಧನೆ ಮಾಡಲಿ ಎಂದು ಹಟ ಹಿಡಿದಳು. ಮೂವರು ಮುಂದೆ ಬಂದರು: ಉಚ್ಚಿಲದ ಸರ್ವೋತ್ತಮ, ಕಾಪುವಿನ ಸುಗಂಧಿ, ಬಜಗೋಳಿಯ ಮೌರಿಸ್. ಎರಡು ದಿನ ಜಗಳವಾಡಿ ಒಂದು ಪ್ರಶ್ನೆಗೆ ಬಂದು ನಿಂತರು. ಬೇಸಿಗೆಯಲ್ಲಿ ಸಮುದ್ರದ ಉಪ್ಪು ಬಾವಿಗಳಿಗೆ ಎಷ್ಟು ದೂರದವರೆಗೆ ನುಗ್ಗುತ್ತದೆ? ಎಸ್ತರ್‌ಗೆ ಕುಣಿಯುವಷ್ಟು ಖುಷಿಯಾಯಿತು.

ವಿಭಾಗದ ಮುಖ್ಯಸ್ಥ ಭುಜಂಗರಾಯರಿಗೆ ಇದು ಹಿಡಿಸಲಿಲ್ಲ. "ಬಿ.ಎಸ್ಸಿ. ಮಕ್ಕಳಿಗೆ ಎಂತ ಸಂಶೋಧನೆ ಮಾರಾಯ್ರೆ?" ಎಂದು ಗೊಣಗುತ್ತಲೇ ಒಂದು ಬಾಟಲಿ ಸಿಲ್ವರ್ ನೈಟ್ರೇಟ್ ದ್ರಾವಣ ಕೊಟ್ಟರು. "ಇಷ್ಟರಲ್ಲಿ ಮುಗಿಸಿ. ಫಲ ಸರಿ ಬರದಿದ್ದರೆ ಇನ್ನು ಈ ಮಾತು ಎತ್ತಬಾರದು."

ಮೂವರೂ ತಂತಮ್ಮ ಮನೆಯ ನೀರೆಂದು ಹೇಳಿ ತಂದರು. ನೀರಿಗೆ ಹಳದಿ ಕ್ರೋಮೇಟ್ ಬೆರೆಸಿ, ಬ್ಯೂರೆಟ್ ಎಂಬ ಗಾಜಿನ ಕೊಳವೆಯಿಂದ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡುವುದು. ಇಟ್ಟಿಗೆಯ ಬಣ್ಣ ಬಂದಾಗ ನಿಲ್ಲಿಸುವುದು. ಉಪ್ಪು ಹೆಚ್ಚಿದ್ದಷ್ಟೂ ಹನಿ ಹೆಚ್ಚು ಬೇಕು. ಆದರೆ ಮೂರು ನೀರೂ ಬೇಗ ಕೆಂಪಾದವು. ಬಜಗೋಳಿಯ ನೀರು ಸಿಹಿ ಎಂದರೆ ಸರಿ, ಅದು ಘಟ್ಟದ ಬುಡ. ಅಲೆಯ ಸದ್ದು ಅಂಗಳಕ್ಕೆ ಕೇಳುವ ಉಚ್ಚಿಲದ ಬಾವಿಯೂ ಅಷ್ಟೇ ಸಿಹಿಯೇ? ಮತ್ತೆ ಮಾಡಿದರು. ಅದೇ ಫಲ. ಅರ್ಧ ಬಾಟಲಿ ಖಾಲಿ. ಸರ್ವೋತ್ತಮ ಕಿಟಕಿಯ ಹೊರಗೆ ನೋಡುತ್ತಿದ್ದ, ಸುಗಂಧಿ ಸೆರಗಿನ ತುದಿ ತಿರುಚುತ್ತಿದ್ದಳು.

ಆಗ ಎಸ್ತರ್‌ಗೆ ಹೊಳೆಯಿತು. ಇವರಿಬ್ಬರು ತಂದದ್ದು ತಮ್ಮ ಬಾವಿಯ ನೀರಲ್ಲ, ಮರ್ಯಾದೆಗೆ ಅಂಜಿ ಬೇರೆ ಬಾವಿಯದು.

ಗದರಿಸಬಹುದಿತ್ತು. ಇಂಥ ಬಾವಿಯಿಂದಲೇ ತನ್ನಿ ಎಂದು ಅಪ್ಪಣೆ ಮಾಡಬಹುದಿತ್ತು. ಆದರೆ ಆಮೇಲೆ ಅದು ಅವರ ಸಂಶೋಧನೆಯಾಗಿ ಉಳಿಯುತ್ತಿತ್ತೇ? ಅವಳು ಮರುದಿನ ತಾನೇ ಒಂದು ಬಾಟಲಿ ನೀರು ತಂದು ಬ್ಯೂರೆಟ್ಟಿನ ಕೆಳಗೆ ಇಟ್ಟಳು. ಹನಿ ಬಿತ್ತು, ಬಿತ್ತು, ಬೀಳುತ್ತಲೇ ಹೋಯಿತು. ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಯಿತೇ ಹೊರತು ಕೆಂಪಾಗಲೊಲ್ಲದು.

"ಇದು ನಮ್ಮ ಮನೆಯ ಬಾವಿ," ಎಂದಳು. "ಬೇಸಿಗೆಯಲ್ಲಿ ಹೊಳೆಗೆ ಉಪ್ಪು ಏರುತ್ತದೆ. ನೆಂಟರು ಬಂದರೆ ಅಮ್ಮ ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಗೆ ಓಡುತ್ತಾರೆ."

ಹೇಳಿಬಿಟ್ಟೆನಲ್ಲ ಎಂದು ಎಸ್ತರ್‌ಗೇ ನಾಚಿಕೆಯಾಗಿ, ಮೂವರನ್ನೂ ಅಲ್ಲೇ ಬಿಟ್ಟು ಹೊರಗೆ ಹೋದಳು.

ಬಾಗಿಲಾಚೆಗೆ ಮಾತು ಕೇಳುತ್ತಿತ್ತು. "ಅಕ್ಕನನ್ನು ನೋಡಲಿಕ್ಕೆ ಬರುವವರಿದ್ದಾರೆ. ಕಾಗದದ ಮೇಲೆ ನಮ್ಮ ಬಾವಿ ಉಪ್ಪು ಅಂತ ಬರೆದರೆ ಅಮ್ಮ ನನ್ನನ್ನು ಮನೆಗೆ ಸೇರಿಸುವುದಿಲ್ಲ," ಎಂದಳು ಸುಗಂಧಿ. "ಹಾಗಾದರೆ ಹೆಸರೇ ಬರೆಯುವುದು ಬೇಡ ಮಾರಾಯ್ತಿ," ಎಂದ ಮೌರಿಸ್. "ಸಮುದ್ರದಿಂದ ಎಷ್ಟು ದೂರ ಅಂತ ಮಾತ್ರ ಬರೆಯುವ. ಉಪ್ಪಿಗೆ ಹೆಸರು ಯಾಕೆ?" ಆಮೇಲೆ ಸರ್ವೋತ್ತಮನ ದನಿ: "ಮತ್ತೆ, ಅವರವರ ಊರಿನ ನೀರು ಅವರವರು ತರುವುದು ಬೇಡ. ನಾನು ತಂದರೆ ಇನ್ನೊಮ್ಮೆ ಬೇರೆಯವರ ಸಿಹಿನೀರನ್ನೇ ತರುತ್ತೇನೆ. ಮೂರೂ ಜನ ಒಟ್ಟಿಗೆ ಹೋಗಿ ಸೇದುವ."

ಎಸ್ತರ್‌ಗೆ ಕಣ್ಣು ತುಂಬಿ ಬಂತು. ಇಂಥ ಯೋಜನೆ ಅವಳಿಗೂ ಹೊಳೆದಿರಲಿಲ್ಲ.

ಬಾಟಲಿಯಲ್ಲಿ ಉಳಿದಷ್ಟರಲ್ಲೇ ಅವರು ಜಿಪುಣರ ಹಾಗೆ ಕೆಲಸ ಮಾಡಿದರು. ಬಸ್ಸು ಹತ್ತಿ ಮನೆಮನೆಗೆ ಹೋಗಿ, ಬೆಲ್ಲ ತಿಂದು, ಹೆಸರು ಬರೆಯುವುದಿಲ್ಲ ಎಂದು ಅಮ್ಮಂದಿರಿಗೆ ಮಾತು ಕೊಟ್ಟು ನೀರು ಸೇದಿದರು. ಮೂವರ ಬೆರಳೂ ಸಿಲ್ವರ್ ನೈಟ್ರೇಟಿನಿಂದ ಕಪ್ಪಾದವು.

ಶನಿವಾರ ರಾಯರು ಫಲ ನೋಡಿದರು. ಸಮುದ್ರ ಹತ್ತಿರವಾದಂತೆ ಉಪ್ಪು ಏರುತ್ತಿತ್ತು. ಒಂದು ಬಾವಿ ಮಾತ್ರ ಕಡಲ ಪಕ್ಕದಲ್ಲೇ ಇದ್ದರೂ ಸಿಹಿ. ಅವರ ಬೆರಳು ಸರಿಯಾಗಿ ಅಲ್ಲೇ ನಿಂತಿತು. "ಇದು ತಪ್ಪು. ಹೊಡೆದುಹಾಕಿ."

ಇಷ್ಟಕ್ಕೇ ಎಲ್ಲ ಮುಗಿಯಿತೇ ಎಂದುಕೊಂಡಳು ಎಸ್ತರ್.

"ನಾವೂ ನಂಬಿರಲಿಲ್ಲ ಸರ್," ಎಂದಳು ಸುಗಂಧಿ. "ಮೂವರೂ ಬೇರೆಬೇರೆಯಾಗಿ ಮಾಡಿ ನೋಡಿದೆವು. ಹಾಗೇ ಉಂಟು. ಕಾರಣ ಗೊತ್ತಿಲ್ಲ ಅಂತ ಕೆಳಗೆ ಬರೆದಿದ್ದೇವೆ. ಹೊಡೆದುಹಾಕುವುದಿಲ್ಲ."

ರಾಯರು ಕನ್ನಡಕ ತೆಗೆದರು. "ಯಾರ ಬಾವಿ ಇದು?"

"ಅದು ಹೇಳಲಿಕ್ಕಿಲ್ಲ ಸರ್."

"ಈ ಯೋಜನೆ ಯಾರದ್ದು? ಎಸ್ತರ್ ಮೇಡಂ ಹೇಳಿಕೊಟ್ಟದ್ದಾ?"

"ಅಲ್ಲ ಸರ್, ನಮ್ಮದು," ಎಂದರು ಮೂವರೂ. ಮೇಡಂ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಎಸ್ತರ್‌ಗೆ ತನ್ನ ಹೆಸರು ಬಾರದ ಆ ಉತ್ತರ ಕೇಳಿ ಹೆಮ್ಮೆಯಾಯಿತು.

ರಾಯರು ಹಾಳೆಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಿದರು. ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಮುಂದಿನ ವರ್ಷಕ್ಕೆ ಎರಡು ಬಾಟಲಿ ತರಿಸುವ. ಮತ್ತೆ, ನಮ್ಮ ಮನೆ ಮಲ್ಪೆಯ ಹತ್ತಿರ. ಹೆಸರು ಬರೆಯುವುದಿಲ್ಲ, ಅಲ್ವಾ? ಸೋಮವಾರ ಸ್ವಲ್ಪ ನೀರು ತರುತ್ತೇನೆ."

ಮೂವರೂ ಮುಖ ಮುಖ ನೋಡಿಕೊಂಡರು.

"ನೀವು ತರುವುದು ಬೇಡ ಸರ್," ಎಂದಳು ಸುಗಂಧಿ ಬಹಳ ಮರ್ಯಾದೆಯಿಂದ. "ನಾವೇ ಬಂದು ಸೇದುತ್ತೇವೆ."